ಕಾಡಿನ ಬಾಗಿಲಲ್ಲಿ ಒಂದು ನೆಗಡಿ

ಸಿಂಗಾಪುರದ ಬಿಶಾನ್‌ನಲ್ಲಿ ನಮ್ಮ ಮನೆ ಹನ್ನೆರಡನೇ ಮಹಡಿಯಲ್ಲಿದೆ. ಹೋದ ವರ್ಷವಿಡೀ ನನ್ನ ಗಂಡ ಲಿಫ್ಟ್ ಹತ್ತಲಿಲ್ಲ. ಆಫೀಸಿನಿಂದ ಬಂದವರೇ ಬೆನ್ನಿಗೆ ಐದು ಕಿಲೋ ಸೋನಾ ಮಸೂರಿಯ ಚೀಲ ಹೇರಿಕೊಂಡು ಮೆಟ್ಟಿಲು ಹತ್ತುವುದು, ಇಳಿಯುವುದು. ಪಕ್ಕದ ಮನೆಯ ಪುಟ್ಟ ಹುಡುಗಿ, "ಅಂಕಲ್, ಲಿಫ್ಟ್ ವರ್ಕ್ ಆಗ್ತಿದೆ ಲಾ!" ಎಂದು ಇಲ್ಲಿನವರ ಧಾಟಿಯಲ್ಲಿ ಕೂಗಿ ಹೇಳುತ್ತಿದ್ದಳು. ಉಗಾಂಡಾದ ಬೆಟ್ಟದ ಕಾಡಿನಲ್ಲಿ ಗೊರಿಲ್ಲಾಗಳನ್ನು ಕಣ್ಣಾರೆ ನೋಡಬೇಕು ಎಂಬುದು ಇವರ ಹಟ, ಅದಕ್ಕೇ ಈ ಕಸರತ್ತು. ನನಗೇನೋ ಇಲ್ಲಿನ ಮೃಗಾಲಯವೇ ಸಾಕಾಗಿತ್ತು.

ಕಾಡಿನಂಚಿನ ವಸತಿಗೃಹ ತಲುಪಿದ ಸಂಜೆಯೇ ಇವರ ಮೂಗು ಸೋರತೊಡಗಿತು. ಕಾಳುಮೆಣಸು, ಜೀರಿಗೆ ಹಾಕಿ ಕಷಾಯ ಮಾಡಿ ಕೊಟ್ಟೆ.

"ನಾಳೆ ಯಾರಾದ್ರೂ ಕೇಳಿದ್ರೆ ನೀನು ಸುಮ್ನಿರು. ಇದು ಬರೀ ಡಸ್ಟ್ ಅಲರ್ಜಿ," ಅಂದರು.

"ನನ್ನನ್ಯಾರು ಕೇಳ್ತಾರ್ರೀ?" ಅಂದೆ.

ಬೆಳಿಗ್ಗೆ ಗೈಡ್ ನಮ್ಮ ಎಂಟು ಜನರನ್ನು ನಿಲ್ಲಿಸಿಕೊಂಡು ಕೇಳಿಯೇಬಿಟ್ಟ. ಯಾರಿಗಾದರೂ ಕೆಮ್ಮು, ನೆಗಡಿ ಇದೆಯೇ? ಮನುಷ್ಯರ ನೆಗಡಿ ಅಂಟಿದರೆ ಗೊರಿಲ್ಲಾ ಸತ್ತೇ ಹೋಗಬಹುದು. ಒಬ್ಬೊಬ್ಬರಾಗಿ ಇಲ್ಲವೆಂದು ತಲೆಯಾಡಿಸಿದರು, ಇವರೂ ಸೇರಿ. ಹದಿನಾರು ವರ್ಷ ಸಿಂಗಾಪುರದಲ್ಲಿದ್ದು ಕೊಟ್ಟ ಫಾರಂನಲ್ಲೆಲ್ಲ ನಿಜವನ್ನೇ ತುಂಬಿದವಳು ನಾನು. ಊರಿಂದ ತಂದ ಚಟ್ನಿಪುಡಿಯನ್ನೂ ಏರ್‌ಪೋರ್ಟಿನಲ್ಲಿ ತೆಗೆದು ತೋರಿಸುವವಳು. ಗೈಡ್ ನನ್ನ ಕಡೆ ತಿರುಗಿದ್ದೇ ತಡ, ಬಾಯಿ ತಾನಾಗಿ ತೆರೆದುಕೊಂಡಿತು. ಇವರಿಗೆ ನಿನ್ನೆಯಿಂದ ನೆಗಡಿ ಎಂದು ಹೇಳಿಬಿಟ್ಟೆ. ಹಾಗಾದರೆ ಇವರು ಕಾಡಿಗೆ ಬರುವಂತಿಲ್ಲ ಎಂದ ಗೈಡ್.

ಇವರು ನನ್ನ ಮುಖ ನೋಡಲಿಲ್ಲ. ಬೂಟಿನ ಲೇಸು ನೋಡುತ್ತ, "ನೀನು ಹೋಗು. ಇಬ್ರೂ ಮಿಸ್ ಮಾಡ್ಕೊಳ್ಳೋದು ಬೇಡ," ಅಂದರು.

ಹೋದೆ. ಮುಂದೆ ಒಬ್ಬ ಮಚ್ಚಿನಿಂದ ಬಳ್ಳಿ ಕಡಿಯುತ್ತ ದಾರಿ ಮಾಡುತ್ತಿದ್ದ. ಕೆಸರು, ತುರಿಕೆ ಸೊಪ್ಪು, ಪ್ಯಾಂಟಿನೊಳಗೆ ಹತ್ತುವ ಇರುವೆ. ಮೇಲೆ ಕಪ್ಪು ಬಿಳುಪಿನ ಕೋತಿಗಳು ಕೊಂಬೆಯಿಂದ ಕೊಂಬೆಗೆ ಹಾರುತ್ತಿದ್ದವು. ಮಾಡಿದ್ದು ಸರಿಯೇ ಎಂದು ಪ್ರತಿ ಏರಿನಲ್ಲೂ ನನಗೆ ನಾನೇ ಹೇಳಿಕೊಂಡೆ.

ಮೂರು ಗಂಟೆ ನಡೆದ ಮೇಲೆ ಗೊರಿಲ್ಲಾಗಳು ಸಿಕ್ಕವು. ತಾಯಿಯೊಂದು ಅಂಗಾತ ಮಲಗಿ ಸೊಪ್ಪು ತಿನ್ನುತ್ತಿತ್ತು. ಅದರ ಮರಿ ಎದ್ದು ನನ್ನತ್ತ ನಾಲ್ಕು ಹೆಜ್ಜೆ ಬಂತು, ದಡಕ್ಕನೆ ಕುಂಡೆ ಊರಿ ಕೂತಿತು, ಗೈಡ್ ನನಗೆ ಹಾಕಿಸಿದ್ದ ಮಾಸ್ಕನ್ನೇ ದಿಟ್ಟಿಸಿತು. ಬೆರಳಿನ ಉಗುರುಗಳು ಕಾಣುವಷ್ಟು ಹತ್ತಿರ. ನಮ್ಮವೇ ಉಗುರುಗಳು! ಗೈಡ್ ತೋಳು ಹಿಡಿದು ನನ್ನನ್ನು ಹಿಂದಕ್ಕೆಳೆದ. ಅಲ್ಲಿರಲು ಕೊಟ್ಟ ಆ ಒಂದು ಗಂಟೆ ನನಗೆ ಇವರ ನೆನಪೇ ಬರಲಿಲ್ಲ. ಎಷ್ಟು ಖುಷಿಯಾಗಿತ್ತೆಂದರೆ, ವಾಪಸು ಇಳಿಯುವಾಗ ನಾಚಿಕೆಯಾಯಿತು.

ಇವರು ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಬೂಟಿಗೆ ಒಂದು ಚೂರೂ ಕೆಸರಿಲ್ಲ. ಬೆಳಿಗ್ಗೆ ಕಟ್ಟಿದ ಲೇಸನ್ನು ಇನ್ನೂ ಬಿಚ್ಚಿರಲಿಲ್ಲ.

"ಮರಿ ಇತ್ತಾ?"

"ಇತ್ತು."

"ಹತ್ತಿರ ಬಂತಾ?"

"ಇಲ್ಲ ರೀ. ತುಂಬಾ ದೂರ. ಮಂಜು ಬೇರೆ, ಏನೂ ಸರಿಯಾಗಿ ಕಾಣ್ಲಿಲ್ಲ."

ಇವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಕರ್ಚೀಫಿನಿಂದ ಮೂಗು ಒರೆಸಿಕೊಂಡರು.

"ಸುಳ್ಳು ಹೇಳೋಕೆ ಬರುತ್ತಲ್ಲೇ ನಿಂಗೆ," ಅಂದರು. "ಬೆಳಿಗ್ಗೇನೇ ಹೇಳ್ಬಹುದಿತ್ತು."