ದಾರಿ ಹೇಳಿದವಳು

ನೀಲವ್ವ, ನಿಮ್ಮ ಮನೆಯ ದಾರಿಯನ್ನು ನಿಮ್ಮ ಗಂಡನಿಗೆ ಹೇಳಿದ್ದು ನಿಮ್ಮ ಅಕ್ಕ ಕಸ್ತೂರವ್ವ ಅಲ್ಲ. ನಾನು.

ಈ ಸಾಲು ಬರೆಯಲು ನನಗೆ ನಾಲ್ಕು ವರ್ಷ ಹಿಡಿಯಿತು. ಹಿಂದೆ ಎರಡು ಸಲ ಬರೆದಿದ್ದೆ. ಒಂದರಲ್ಲಿ 'ಗೊತ್ತಿಲ್ಲದೆ ಹೇಳಿದೆ' ಎಂದಿತ್ತು, ಇನ್ನೊಂದರಲ್ಲಿ 'ಫೋನು ಹೇಳಿತು' ಎಂದಿತ್ತು. ಎರಡನ್ನೂ ಹರಿದೆ. ನಿಮಗೆ ಗೊತ್ತಿರುವುದನ್ನೂ ಸೇರಿಸಿಯೇ ಇಲ್ಲಿ ಬರೆಯುತ್ತೇನೆ, ಬೇಸರಿಸಬೇಡಿ. ಮೊದಲಿನಿಂದ ಸಾಲಾಗಿ ಬರೆಯದಿದ್ದರೆ ನನ್ನ ನೆನಪು ನನಗೆ ಅನುಕೂಲವಾದ ಕಡೆಗೇ ಹೊರಳುತ್ತದೆ. ಅದರ ಮೇಲೆ ನನಗೆ ನಂಬಿಕೆ ಇಲ್ಲ. ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತಿದ್ದೇನೆ.

ನೀವು ಮಗಳು ಸುಧಾಳನ್ನು ಕರೆದುಕೊಂಡು ಬೈಲಹೊಂಗಲಕ್ಕೆ, ನಮ್ಮ ಓಣಿಗೆ ಬಂದಾಗ ಅವಳಿಗೆ ಒಂಬತ್ತು ವರ್ಷ. ಕೌದಿ ಹೊಲಿಯುತ್ತೇನೆ ಎಂದಿರಿ. ಗಂಡನ ಊರು ತೊರಗಲ್ಲಿನಿಂದ ಬಂದದ್ದನ್ನು ಹೇಳಲಿಲ್ಲ. ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಕುಳಿತು ಎಡಗೈಯ ಕುಪ್ಪಸದ ತೋಳು ಸರಿಸಿ, ಮಣಿಕಟ್ಟಿನ ಮೇಲಿನ ಸುಟ್ಟ ಕಲೆ ತೋರಿಸಿದಿರಿ. ನಾನು ಏನೂ ಕೇಳಿರಲಿಲ್ಲ. "ಇದೊಂದು ನೋಡ್ರಿ ಅಕ್ಕೋರ, ಉಳದದ್ದನ್ನ ನಾ ಹೇಳೂದಿಲ್ಲ, ನೀವು ಕೇಳಬ್ಯಾಡ್ರಿ" ಎಂದಿರಿ. ನೀವು ಗಂಡನಿಂದ ತಪ್ಪಿಸಿಕೊಂಡು ಬಂದು ಇಲ್ಲಿರುವುದು ಮುನವಳ್ಳಿಯ ಕಸ್ತೂರವ್ವನೊಬ್ಬಳಿಗೆ ಗೊತ್ತಿತ್ತು. ಅವತ್ತಿನಿಂದ ನನಗೂ.

ಕೌದಿಯ ಕೆಲಸದ ರೀತಿ ಹೊರಗಿನವರಿಗೆ ತಿಳಿದಿರುವುದಿಲ್ಲ. ನಮ್ಮ ಕಡೆ ಈ ಹೊದಿಕೆಯನ್ನು ಅಂಗಡಿಯಲ್ಲಿ ಆರಿಸಿ ಕೊಳ್ಳುವುದಿಲ್ಲ. ಮನೆಯ ಹಳೆ ಸೀರೆ, ಹಳೆ ಧೋತರ ಚೀಲದಲ್ಲಿ ತುಂಬಿಕೊಂಡು ಹೊಲಿಯುವವರ ಮನೆಗೇ ಹೋಗಬೇಕು. ಮೇಲೆ ಬರುವ ಸೀರೆ ಯಾವುದು, ಒಳಗೆ ಹೋಗುವುದು ಯಾವುದು ಎಂದು ಕುಳಿತು ಮಾತಾಡಬೇಕು. ಸಂಗೊಳ್ಳಿಯಿಂದ, ಕಿತ್ತೂರಿನಿಂದ ಹೆಂಗಸರು ಚೀಲ ಹೊತ್ತು ಬಂದು ದಾರಿ ತಪ್ಪಿ ನಮ್ಮ ಬಾಗಿಲು ಬಡಿಯುತ್ತಿದ್ದರು. ನಿಮ್ಮದು ಗುಂಡಿ ಒತ್ತುವ ಫೋನು. ಹಾಗಾಗಿ ನನ್ನ ಹಳೆಯ ಫೋನಿನಲ್ಲಿ ಹೊಸ ಸಿಮ್ ಹಾಕಿ, ವ್ಯಾಪಾರಸ್ಥರು ಬಳಸುವ ಮೆಸೇಜಿನ ಆ್ಯಪ್ ತೆರೆದೆ. ಯಾರು ಬರೆದರೂ ತಾನೇ ಉತ್ತರ ಕೊಡುವಂತೆ ಒಂದು ಮಾತು ಬರೆದಿಟ್ಟೆ:

"ನಮಸ್ಕಾರ್ರಿ. ಸೀರಿ ಒಗದು ಒಣಗಿಸಿ ತರ್ರಿ. ಬೈಲಹೊಂಗಲ ಬಸ್ ಸ್ಟ್ಯಾಂಡಿನಿಂದ ಪೇಟಿ ಕಡೆ ಬಂದ್ರ ಹಿಟ್ಟಿನ ಗಿರಣಿ ಸಿಗತೈತಿ. ಅದರ ಬಾಜೂಕಿನ ಓಣ್ಯಾಗ ಎಡಕ್ಕ ಮೂರನೇ ಮನಿ. ಮುಂಜಾನಿಂದ ಮಧ್ಯಾಹ್ನದ ತನಕ ಇರತೇವಿ, ಬರ್ರಿ."

ಓದಿ ಹೇಳಿದಾಗ ನೀವು ನಕ್ಕಿರಿ. "ಚಾ ಕುಡದು ಹೋಗ್ರಿ ಅಂತ ಒಂದು ಬಿಟ್ಟೀರಲ್ರಿ" ಎಂದಿರಿ. ಆ ನಂಬರನ್ನು ನೀವು ಬಲ್ಲ ಹೆಂಗಸರಿಗಷ್ಟೇ ಕೊಟ್ಟಿರಿ. ಅವರು ತಮ್ಮ ಅಕ್ಕತಂಗಿಯರಿಗೆ ಕೊಟ್ಟರು. ಅಲ್ಲಿಯ ತನಕ ಯಾವ ತೊಂದರೆಯೂ ಇರಲಿಲ್ಲ.

ಆಮೇಲೆ, ಕೌದಿಯ ವಿಡಿಯೊ ಹಾಕಲು ಇಂಟರ್ನೆಟ್ಟಿನಲ್ಲೊಂದು ಪೇಜು. ಅದು ನನ್ನ ಆಸೆ, ನಿಮ್ಮದಲ್ಲ. ನಿಮ್ಮ ಕೌದಿಗಳನ್ನು ಲೋಕ ನೋಡಬೇಕು ಅಂತ— ಇಲ್ಲ, ನಿಜ ಹೇಳುತ್ತೇನೆ. ಅವನ್ನು ಲೋಕಕ್ಕೆ ತೋರಿಸಿದವಳು ನಾನು ಅಂತ ಆಗಬೇಕಿತ್ತು. ಎಂ.ಎ. ಮಾಡಿ ಬಂದು, ವರ್ಷ ವರ್ಷಕ್ಕೆ ಮುಗಿಯುವ ಕಾಲೇಜಿನ ಕೆಲಸದಲ್ಲಿ ನನ್ನದೆಂದು ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ನೀವು ಒಪ್ಪಿದಿರಿ, ಮೂರು ಕರಾರು ಹಾಕಿ. "ಹೆಸರು ಬ್ಯಾಡ, ಊರು ಬ್ಯಾಡ, ಮಾರಿ ಬ್ಯಾಡ. ಕೈ ಬೇಕಾದ್ರ ತಗೀರಿ." ನಾನು ಕೈಯ ವಿಡಿಯೊ ತೆಗೆದೆ. ಸೂಜಿ ಹೋಗಿ ಬರುವ ಬಲಗೈ, ಬಟ್ಟೆ ಹಿಡಿದ ಎಡಗೈ. ಆ ವಿಡಿಯೊಗಳಲ್ಲಿ ಕಲೆ ಕಾಣುತ್ತಿತ್ತೇ? ಒಂದರಲ್ಲಿ ತೋಳು ಮೇಲೆ ಸರಿದಿತ್ತು ಅಂತ ನನ್ನ ನೆನಪು. ಎಲ್ಲವನ್ನೂ ಅಳಿಸಿರುವುದರಿಂದ ಈಗ ನೋಡಲು ಬರುವುದಿಲ್ಲ. ಆ ಕಲೆ ಮಾಡಿದವನಿಗೆ ಅದನ್ನು ಗುರುತಿಸಲು ಎಷ್ಟು ಹೊತ್ತು ಬೇಕು?

ಪೇಜಿನಲ್ಲಿ ಕೈ ಇತ್ತು, ಊರು ಇರಲಿಲ್ಲ. ನಂಬರಿನಲ್ಲಿ ಊರು ಇತ್ತು, ಅದು ಗುರುತಿನವರಿಗೆ ಮಾತ್ರ ಸಿಗುತ್ತಿತ್ತು. ಎರಡೂ ಬೇರೆ ಬೇರೆ ಇದ್ದದ್ದರಿಂದ ನೀವು ಕ್ಷೇಮವಾಗಿದ್ದಿರಿ. ಪೇಜು ತೆರೆದಾಗಲೆಲ್ಲ ಮೇಲೆ ಒಂದು ಪಟ್ಟಿ ಬರುತ್ತಿತ್ತು: ನಿಮ್ಮ ವ್ಯಾಪಾರದ ನಂಬರನ್ನು ಈ ಪೇಜಿಗೆ ಜೋಡಿಸಿ. ವಾರಗಟ್ಟಲೆ ಅದನ್ನು ಸರಿಸಿದೆ. ಒಂದು ದಿನ ಜೋಡಿಸಿದೆ. ಆರು ಅಂಕಿಯ ಒಟಿಪಿ ಬಂತು, ಒತ್ತಿದೆ, ಹಸಿರು ಗುರುತು ಬಿತ್ತು. ಅವತ್ತಿನಿಂದ ನಿಮ್ಮ ಕೈ ನೋಡಿದ ಯಾರೇ ಆಗಲಿ ಅದರ ಕೆಳಗಿನ ಗುಂಡಿ ಮುಟ್ಟಿ ಒಂದಕ್ಷರ ಬರೆದರೆ ಸಾಕಿತ್ತು— ನಾನು ಬರೆದಿಟ್ಟ ದಾರಿ ತಾನಾಗಿ ಅವರಿಗೆ ಹೋಗುತ್ತಿತ್ತು.

ಇದನ್ನು ನಿಮಗೆ ಕೇಳಿಯೇ ಮಾಡಿದೆ ಅಂತ ನನಗೆ ಬಹಳ ದಿನ ಸ್ಪಷ್ಟವಾಗಿ ನೆನಪಿತ್ತು. ನೀವು ಸೂಜಿಗೆ ದಾರ ಪೋಣಿಸುತ್ತ "ಮಾಡ್ರಿ, ನನಗೇನ ತಿಳೀತೈತಿ" ಎಂದದ್ದು, ದಾರದ ತುದಿ ನಾಲಿಗೆಗೆ ತಾಗಿಸಿದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ. ಹೋದ ವರ್ಷ ದಿನಚರಿ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ಹೀಗಿದೆ: 'ಪೇಜು-ನಂಬರು ಜೋಡಿಸಿದೆ. ಸಂಜೆಯೊಳಗೆ ಏಳು ಮಂದಿ ಕೇಳಿದರು! ನೀಲವ್ವ ಗುಡ್ಡಕ್ಕೆ ಹೋಗಿದ್ದಾರೆ, ನಾಳೆ ಬರುತ್ತಾರೆ.' ನೀವು ಸವದತ್ತಿಯ ಗುಡ್ಡದ ಗುಡಿಯಲ್ಲಿದ್ದಿರಿ. ನಾನು ಕೇಳಿರಲಿಲ್ಲ. ಆ ದಾರ, ಆ ನಾಲಿಗೆ ಬೇರೆ ಯಾವತ್ತಿನವೋ. ನನ್ನ ಮನಸ್ಸು ಅವನ್ನು ತಂದು ಇಲ್ಲಿ ಹೊಲಿದುಕೊಂಡಿತ್ತು.

ಇಷ್ಟೇ ಆಗಿದ್ದರೆ ಅಜಾಗರೂಕತೆ ಎನ್ನಬಹುದಿತ್ತೇನೋ. ಮುಂದಿನದಕ್ಕೆ ಆ ಹೆಸರು ಹೊಂದುವುದಿಲ್ಲ.

ಹತ್ತು ಹನ್ನೆರಡು ದಿನ ಕಳೆದ ಮೇಲೆ, ಒಂದು ಗುರುವಾರ, ಹೆಸರಿಲ್ಲದ ನಂಬರಿನಿಂದ ಬಂದದ್ದು: "ಕೌದಿ ಹೊಲದ ಕೊಡತೀರೇನ್ರಿ?" ದಾರಿ ಹೋಯಿತು. ಅದರ ಕೆಳಗೆ: "ದಾರಿ ತಿಳೀತು. ಬರತೇನಿ." ಸಂಜೆ ನಿಮಗೆ ಓದಿ ಹೇಳಲೆಂದು ಫೋನು ತೆಗೆದಾಗ ನೋಡಿದೆ. ಕೇಳುವವರೆಲ್ಲ ಹೆಂಗಸರು, ಅವರು ಹೊದಿಕೆಯ ಅಳತೆ ಕೇಳುತ್ತಾರೆ, ಎಷ್ಟು ಸೀರೆ ಬೇಕು ಎನ್ನುತ್ತಾರೆ. ಇವನು ಏನೂ ಕೇಳಿರಲಿಲ್ಲ. ಪಕ್ಕದ ಸಣ್ಣ ವೃತ್ತದಲ್ಲಿ ಮನುಷ್ಯರ ಮುಖವಿರಲಿಲ್ಲ. ಗುಡ್ಡ, ಗುಡ್ಡದ ಮೇಲೆ ಕೋಟೆಯ ಗೋಡೆ. ತೊರಗಲ್ಲಿಗೆ ಕಾಲೇಜಿನ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆ. ಆ ಗೋಡೆ ನನಗೆ ಗೊತ್ತಿತ್ತು.

ನಿಮ್ಮ ಗಂಡನೇ ಅಂತ ಗೊತ್ತಾಯಿತು, ನೀಲವ್ವ. ಅದನ್ನು ಬಚ್ಚಿಡುವುದಿಲ್ಲ. ನಿಮ್ಮ ಮನೆ ಇಪ್ಪತ್ತು ಹೆಜ್ಜೆ. ನೀವು ಹೊರಗೆ ಅಕ್ಕಿ ಆರಿಸುತ್ತ ಕುಳಿತದ್ದು ನಮ್ಮ ಕಿಟಕಿಯಿಂದ ಕಾಣುತ್ತಿತ್ತು. ಆದರೆ ಬಂದು ಹೇಳಿದರೆ, 'ಅವನಿಗೆ ಹೆಂಗ ಸಿಕ್ಕಿತ್ರಿ?' ಎಂದು ನೀವು ಕೇಳುತ್ತೀರಿ. ನಾನು ಕೇಳದೆ ಜೋಡಿಸಿದೆ ಎನ್ನಬೇಕು. ಕೋಟೆಯ ಚಿತ್ರ ಎಷ್ಟೋ ಮಂದಿ ಹಾಕಿಕೊಳ್ಳುತ್ತಾರೆ ಅಂತ ನನಗೆ ನಾನೇ ಹೇಳಿಕೊಂಡೆ. ಮುಂಜಾನೆ ನೋಡೋಣ ಅಂದುಕೊಂಡೆ. ಮುಂಜಾನೆ ಕಾಲೇಜಿಗೆ ಹೋದೆ. ಶುಕ್ರವಾರದ ಪುಟದಲ್ಲಿ 'ತಲೆನೋವು' ಎಂದಷ್ಟೇ ಇದೆ.

ಅವನು ಶನಿವಾರ ಬಂದ. ಕೈಯಲ್ಲಿ ಚೀಲ, ಚೀಲದಲ್ಲಿ ಹಳೆ ಸೀರೆ. ಗಿರಣಿಯವರು ಚೀಲ ನೋಡಿ, ಕೌದಿಯವರೆಂದುಕೊಂಡು ಓಣಿಯ ತನಕ ಬಂದು ಮನೆ ತೋರಿಸಿ ಹೋದರು. ನಾನು ಕಾಲೇಜಿನಿಂದ ಬಂದಾಗ ಬಾಗಿಲು ತೆರೆದಿತ್ತು. ಅವನು ಚಾಪೆಯ ಮೇಲೆ ಕುಳಿತು ಸೀರೆಗಳನ್ನು ಒಂದೊಂದಾಗಿ ಬಿಚ್ಚಿ ನಿಮ್ಮ ಮುಂದೆ ಹರಡುತ್ತಿದ್ದ. ಅವು ನಿಮ್ಮವೇ. ನೀವು ಬಿಟ್ಟು ಬಂದವು. ಒಗೆದು, ಒಣಗಿಸಿ, ಮಡಚಿ ತಂದಿದ್ದ— ನಾನು ಬರೆದ ಹಾಗೆಯೇ. ದನಿ ಏರಿಸಲಿಲ್ಲ. "ಬಾಳ ಚಲೋ ಹೊಲೀತೀ ಅಂತ ಮಂದಿ ಅಂತಾರ" ಎಂದ. ನನ್ನನ್ನು ನೋಡಿ ಕೈ ಮುಗಿದು, "ಬರ್ರಿ ಅಕ್ಕಾರ, ಕುಂದರ್ರಿ" ಎಂದ, ಮನೆ ತನ್ನದೇ ಎಂಬಂತೆ. ಶನಿವಾರದ ಮುಂಜಾನೆ ಶಾಲೆ ಮುಗಿಸಿ ಸುಧಾ ಬಂದಳು. ಅವನು ಎದ್ದು ಅವಳ ಪಾಟಿಚೀಲ ಇಸಿದುಕೊಂಡ. ಓಣಿಯ ತುದಿಯಲ್ಲಿ ಜೀಪು ನಿಂತದ್ದನ್ನು ನಾವಿಬ್ಬರೂ ನೋಡಿರಲಿಲ್ಲ.

ಸುಧಾಳನ್ನು ಹತ್ತಿಸಿಕೊಂಡು ಹೊರಟ ಜೀಪಿನ ಹಿಂದೆ ನೀವು ಓಡಿದ್ದು, ಚಪ್ಪಲಿ ಇಲ್ಲದ ನಿಮ್ಮ ಕಾಲು— ಅದನ್ನು ಬರೆಯುವುದಿಲ್ಲ. ಬರೆಯುವ ಹಕ್ಕು ನನಗಿಲ್ಲ. ಕೂಡಿದ ಹಿರಿಯರು "ತಂದಿ ಮಗಳನ್ನ ಕರಕೊಂಡು ಹೋದ್ರ ಏನಂತ ತಕರಾರು ಬರಸ್ತೀರವ್ವಾ?" ಎಂದದ್ದು ನಿಮಗೆ ನೆನಪಿದೆ.

ಅವತ್ತು ಇಳಿಹೊತ್ತಿನಲ್ಲಿ ಮನೆಯೊಳಗೆ ಹೋಗಿ ದಾರಿ ಹೇಳುವ ಆ ಮೆಸೇಜು ಅಳಿಸಿದೆ. ಪೇಜು ಮುಚ್ಚಿದೆ. ತಿರುಗಿ ಬಂದು ನಿಮ್ಮ ಪಕ್ಕದಲ್ಲಿ ಕುಳಿತೆ. ನೀವು ಗೋಡೆ ನೋಡುತ್ತ ಕೇಳಿದಿರಿ: "ನಮ್ಮ ಮಂದ್ಯಾಗ ಈ ಮನಿ ಕಸ್ತೂರಿಗೊಬ್ಬಾಕಿಗೇ ಗೊತ್ತಿತ್ರಿ. ಆಕೀನ ಹೇಳಿರಬೇಕಲ್ರಿ ಅಕ್ಕೋರ?"

ನಾನು "ಇರಬಹುದು" ಎಂದೆ.

ಒಂದೇ ಮಾತು. ನೀವು ನನ್ನ ಫೋನು ಇಸಿದುಕೊಂಡಿರಿ. ನಂಬರು ಒತ್ತಿಕೊಟ್ಟವಳೂ ನಾನೇ. "ನನ್ನ ಪಾಲಿಗೆ ನೀ ಸತ್ತಿ" ಎಂದು ನಿಮ್ಮ ಅಕ್ಕನಿಗೆ ಹೇಳಿ ಇಟ್ಟಿರಿ. ಆ ಕಡೆಯಿಂದ ಅವಳು "ಏನಾತು, ನೀಲಾ, ಏನಾತು" ಎನ್ನುತ್ತಲೇ ಇದ್ದದ್ದು ನನಗೂ ಕೇಳಿಸಿತು. ಆ ಬಳಿಕ ನಾಲ್ಕು ವರ್ಷ ನೀವು ಇದೇ ಮನೆಯಲ್ಲಿ ಉಳಿದಿರಿ, ಸುಧಾಳಿಗೆ ಗೊತ್ತಿರುವ ವಿಳಾಸ ಇದೊಂದೇ ಅಂತ. ನಾನು ದಿನಾ ನಿಮ್ಮ ಕೈಯ ಚಹಾ ಕುಡಿದೆ. ಹಬ್ಬಕ್ಕೆ ನೀವು ಹೋಳಿಗೆ ಕೊಟ್ಟು ಕಳಿಸಿದಿರಿ. "ನೀವೊಬ್ಬರು ಇಲ್ಲದಿದ್ರ ನಾ ಏನಾಗತಿದ್ನೋ" ಎಂದು ಓಣಿಯ ಮಂದಿಗೆಲ್ಲ ಹೇಳಿದಿರಿ. ಪ್ರತಿ ಸಲವೂ ಬಾಯಿಗೆ ಬಂತು, ಪ್ರತಿ ಸಲವೂ ನುಂಗಿದೆ. ನುಂಗುವುದೇ ರೂಢಿಯಾಯಿತು.

ಇವತ್ತು ಮುಂಜಾನೆ ಕಸ್ತೂರವ್ವ ಬಂದರು. ಮೊದಲು ನಿಮ್ಮ ಬಾಗಿಲಿಗೆ, ನೀವು ತೆಗೆಯಲಿಲ್ಲ. ಆಮೇಲೆ ನನ್ನ ಬಾಗಿಲಿಗೆ. ನೀವು ನನ್ನ ಮಾತು ಕೇಳುತ್ತೀರಿ ಅಂತ ಯಾರೋ ಹೇಳಿದರಂತೆ. ಕುಳಿತವರೇ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದರು:

"ಹುಡುಗಿಗೆ ಹದಿಮೂರಾತ್ರಿ. ಅಲ್ಲಿ ಇರಂಗಿಲ್ಲ ಅಂತ ಊಟ ಬಿಟ್ಟು ಕುಂತಿತ್ತು. ಈಗ ಅವರಪ್ಪಗೂ ಸಾಕಾಗೇತಿ. ದೊಡ್ಡವ್ವನ ಮನಿಗಾದ್ರ ಕಳಸತೇನಿ, ಅವ್ವನ ಮನಿಗಂತೂ ಇಲ್ಲ ಅಂದಾನ. ಮುನವಳ್ಳ್ಯಾಗ ಸಾಲಿಗೆ ಹೆಸರು ಹಚ್ಚಾಕ ಇದೇ ವಾರ ಕಡೀರಿ. ನೀಲಾ ನಮ್ಮ ಮನಿಗೆ ಬಂದು ಹೋಗಿ ಮಾಡಿದ್ರ ತಾಯಿ ಮಗಳು ಕೂಡತಾರ. ಆಕಿ ನನ್ನ ಮಾರೀನ ನೋಡಂಗಿಲ್ಲ. ಅವ್ವ ಬರಲಾರದ ಮನಿಗೆ ಆ ಹುಡುಗೀನ ಕರಕೊಂಡು ನಾ ಏನ ಮಾಡ್ಲಿ?"

ಸೆರಗಿನ ತುದಿ ಬಿಟ್ಟು, "ನಾ ಹೇಳಿಲ್ರಿ ಅಕ್ಕಾರ. ನೀವರ ನಂಬ್ತೀರೇನು?" ಎಂದರು.

ನಂಬುತ್ತೇನೆ ಎಂದೆ. ಏಕೆ ನಂಬುತ್ತೇನೆ ಎಂದು ಹೇಳಲಾಗಲಿಲ್ಲ. ಮಧ್ಯಾಹ್ನದ ಮುನವಳ್ಳಿ ಬಸ್ಸು ಬಿಟ್ಟುಬಿಡಿ, ಸಂಜೆಯದಕ್ಕೆ ಹೋಗುವಿರಂತೆ ಎಂದು ಉಣ್ಣಲು ಬಡಿಸಿ, ಒಳಗೆ ಬಂದು ಇದನ್ನು ಬರೆಯಲು ಕುಳಿತೆ. ಅವರು ಪಡಸಾಲೆಯಲ್ಲಿದ್ದಾರೆ. ಒಂದೆರಡು ಸಲ ಕೆಮ್ಮಿದರು. ನಾನು ನಿಮಗೆ ಚೀಟಿ ಬರೆಯುತ್ತಿದ್ದೇನೆ, ತಂಗಿಯನ್ನು ಒಲಿಸುವ ಮಾತು ಹುಡುಕುತ್ತಿದ್ದೇನೆ ಎಂದುಕೊಂಡಿರಬೇಕು.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡಬಹುದು, ನಿಮ್ಮ ಸ್ವಭಾವ ನನಗೆ ಗೊತ್ತು— ಆಗ ಇದು ಮತ್ತೆ ನನ್ನ ಅನುಕೂಲಕ್ಕೇ ಆದೀತು. ಇದನ್ನು ಮೊದಲು ಕಸ್ತೂರವ್ವನಿಗೆ ಓದಿ ಹೇಳುತ್ತೇನೆ. ಆಮೇಲೆ ಅವರ ಜೊತೆ ನಿಮ್ಮ ಬಾಗಿಲಿಗೆ ಬಂದು, ಹೊರಗಿನಿಂದಲೇ, ಓಣಿಗೆ ಕೇಳಿದರೂ ಸರಿ, ನಿಮಗೆ ಓದಿ ಹೇಳುತ್ತೇನೆ. ಮುಗಿದ ಮೇಲೆ ನಿಮ್ಮ ಅಕ್ಕನನ್ನು ಒಳಗೆ ಕರೆಯಿರಿ. ಸುಧಾಳ ಶಾಲೆಯ ವಿಷಯ ಇಬ್ಬರೂ ಕುಳಿತು ಮಾತಾಡಿ, ಹೊತ್ತು ಬಹಳ ಇಲ್ಲ. ನನ್ನನ್ನು ಕರೆಯಬೇಡಿ.