ಕಾಕು ಬರೆಸಿದ ಡೈರಿ

ಸ್ಪಿರಿಟ್‌ನಲ್ಲಿ ಅದ್ದಿದ ಅರಳೆಯ ವಾಸನೆ ಬಂದರೆ ನನಗೆ ಬೈಲಹೊಂಗಲದ ನಮ್ಮ ಹಳೆಯ ಓಣಿ ನೆನಪಾಗುತ್ತದೆ. ಮೊನ್ನೆ ಬೆಳಗಾವಿಯ ಆಸ್ಪತ್ರೆಯಲ್ಲೂ ಹಾಗೇ ಆಯಿತು. ನಮ್ಮ ಶಾಲೆಯ ಕಿರಿಯ ಶಿಕ್ಷಕಿಯ ಜೊತೆಗೆ ಹೋಗಿದ್ದೆ. ಅವಳಿಗೆ ಹೆಪಟೈಟಿಸ್ ಸಿ ಆಗಿತ್ತು. ಮೂರು ತಿಂಗಳು ಗುಳಿಗೆ ನುಂಗಿ ಮುಗಿಸಿ, ಕೊನೆಯ ರಿಪೋರ್ಟಿಗೆ ಕಾಯುತ್ತಿದ್ದಳು. ನರ್ಸ್ ಯಾರದೋ ತೋಳಿಗೆ ಅರಳೆ ಒರೆಸಿದಳು... ಪಕ್ಕದ ಮನೆಯ ಕಾಕು ಕಣ್ಣ ಮುಂದೆ ಬಂದರು.

ಕಾಕುಗೂ ಅದೇ ರೋಗ. ತೊಂಬತ್ತರ ದಶಕದ ಮೊದಲಲ್ಲಿ, ಹೆರಿಗೆಯ ಹೊತ್ತಿಗೆ ಅವರಿಗೆ ರಕ್ತ ಏರಿಸಿದ್ದರು. ಆ ರಕ್ತದ ಜೊತೆಗೇ ವೈರಸ್ ಒಳಗೆ ಸೇರಿತ್ತೆಂದು ತಿಳಿಯಲು ಹತ್ತು ವರ್ಷ ಹಿಡಿಯಿತು. ಒಂದು ವರ್ಷ ಮನೆಯಲ್ಲೇ ಸ್ಪಿರಿಟ್ ಅರಳೆ ಒರೆಸಿ, ಆಗಿನ ಔಷಧಿಯಾದ ಇಂಟರ್‌ಫೆರಾನ್ ಇಂಜೆಕ್ಷನ್ ತೆಗೆದುಕೊಂಡರು. ಚುಚ್ಚಿದ ದಿನವೆಲ್ಲ ಚಳಿಜ್ವರ. ಕೂದಲು ಉದುರಿ ಜಡೆ ಇಲಿಬಾಲದಷ್ಟಾಯಿತು. ರೋಗ ಮಾತ್ರ ಜಗ್ಗಲಿಲ್ಲ.

ಆಗ ಡಾಕ್ಟರು, ಹೊಸದೊಂದು ಗುಳಿಗೆಯ ಪರೀಕ್ಷೆ ನಡೆದಿದೆ, ಒಪ್ಪಿದರೆ ಸೇರಿಸಿಕೊಳ್ಳುತ್ತೇವೆ ಎಂದರು. ಕಾಕು ಒಪ್ಪಿದರು. ಗುಳಿಗೆಗೆ ಹೆಸರೇ ಇರಲಿಲ್ಲ, ಡಬ್ಬಿಯ ಮೇಲೆ ನಂಬರಷ್ಟೇ. "ಇದನ್ನಿನ್ನೂ ತೊಟ್ಲಾಗ ಹಾಕಿ ಹೆಸರಿಟ್ಟಿಲ್ಲ ನೋಡ," ಎಂದು ನಗುತ್ತಿದ್ದರು.

ಮೈಗೆ ಏನೇನಾಯಿತೆಂದು ದಿನವೂ ಬರೆಯಲು ಆಸ್ಪತ್ರೆಯವರು ಡೈರಿ ಕೊಟ್ಟಿದ್ದರು. ಕಾಕು ಓದಿದ್ದು ಕಡಿಮೆ. ಆಗ ಹೈಸ್ಕೂಲಿನಲ್ಲಿದ್ದ ನಾನು ಸಂಜೆ ಶಾಲೆ ಬಿಟ್ಟ ಮೇಲೆ ಅವರ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೆ. ಅವರು ಮೆಂತ್ಯೆಸೊಪ್ಪು ಸೋಸುತ್ತ ಹೇಳುತ್ತಿದ್ದರು.

"ಮಧ್ಯಾಹ್ನ ಬಾಯಿ ಕಹಿ ಆತು. ಆಮ್ಯಾಲೆ ಸುಮ್ಮಸುಮ್ಮನ ಅಳು ಬಂತು. ಅದನ್ನೂ ಬರಿ."

ಎರಡನೇ ತಿಂಗಳ ರಿಪೋರ್ಟಿನಲ್ಲಿ ವೈರಸ್ ಮೊದಲ ಬಾರಿಗೆ ಇಳಿದಿತ್ತು. ಅವರ ಗಂಡ, ಕಾಕಾ, ಓಣಿಗೆಲ್ಲ ಕರದಂಟು ಹಂಚಿದರು.

ಮರುವಾರವೇ ಕಾಕುವಿನ ತೋಳು, ಬೆನ್ನಿನ ಮೇಲೆಲ್ಲ ಕೆಂಪು ಗಂದೆಗಳೆದ್ದವು. ನಾನು ಪೆನ್ನು ಕೆಳಗಿಟ್ಟೆ.

"ಇದನ್ನ ಬರಿಯೂದು ಬ್ಯಾಡ್ರಿ ಕಾಕು. ಗುಳಿಗಿ ಬಂದ್ ಮಾಡಿಬಿಡ್ತಾರ. ಈಗರ ಸ್ವಲ್ಪ ಗುಣಾ ಕಾಣಾಕ ಹತ್ತೈತಿ."

ಅಂಗಳದಲ್ಲಿ ಅವರ ಮಗಳು ಗೆಳತಿಯರ ಜೊತೆ ಆಡುತ್ತಿದ್ದಳು. ಕಾಕು ಅವಳನ್ನೇ ನೋಡುತ್ತಿದ್ದರು.

"ಆಸೆ ನನಗೂ ಐತಿ ತಂಗಿ," ಎಂದರು. "ಆದ್ರ ನಾಳೆ ಇದ ಗುಳಿಗಿ ಮಂದಿ ನುಂಗತಾರ. ನಾ ಮುಚ್ಚಿಟ್ಟಿದ್ದು ಅವರ ಮೈಮ್ಯಾಲೆ ಏಳತೈತಿ. ಬರಿ."

ಬರೆದೆ. ಅದನ್ನು ಓದಿ, ಮೈ ನೋಡಿದ ಡಾಕ್ಟರು ಅಂದೇ ಗುಳಿಗೆ ನಿಲ್ಲಿಸಿದರು. ಬೆಳಗಾವಿಯಿಂದ ಬರುವಾಗ ಬಸ್ಸಿನಲ್ಲಿ, ನಮ್ಮೂರಿನ ಹತ್ತಿರದ ಸಂಪಗಾಂವ ದಾಟುವವರೆಗೂ ಕಾಕು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಕೆಲವು ತಿಂಗಳ ಮೇಲೆ ತಿಳಿಯಿತು, ಬೇರೆ ಊರುಗಳಲ್ಲೂ ಕೆಲವರಿಗೆ ಹಾಗೇ ಆಗಿತ್ತಂತೆ. ಒಬ್ಬರಂತೂ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದರಂತೆ. ಆ ಗುಳಿಗೆಯನ್ನೇ ಕೈಬಿಟ್ಟರು. "ಚಲೋ ಆತು ಬಿಡು," ಎಂದರು ಕಾಕು. ಆ ದಿನ ಅವರು ಊಟ ಮಾಡಲಿಲ್ಲ.

ಮೂರು ವರ್ಷಕ್ಕೆ ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡರು. ಇಂಜೆಕ್ಷನ್ನಿಲ್ಲದೆ ಬರೀ ಗುಳಿಗೆಯಲ್ಲಿ ಈ ರೋಗ ಗುಣವಾಗುವ ಕಾಲ ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ನಾನು ಹೇಳಿದಂತೆ ಮುಚ್ಚಿಟ್ಟಿದ್ದರೆ ಉಳಿಯುತ್ತಿದ್ದರೋ, ಇನ್ನೂ ಬೇಗ ಹೋಗುತ್ತಿದ್ದರೋ...

ಮೊನ್ನೆ ಶಿಕ್ಷಕಿಯ ರಿಪೋರ್ಟ್ ಬಂತು. ವೈರಸ್ ಇಲ್ಲ. ಹುಡುಗಿ ನನ್ನ ಮುಖ ನೋಡಿ, "ಅಕ್ಕಾರ, ನೀವ್ಯಾಕ ಅಳಾಕ ಹತ್ತೀರಿ?" ಎಂದಳು.

"ನಮ್ಮ ಬಾಜೂ ಮನ್ಯಾಗ ಒಬ್ಬರಿದ್ರು," ಎಂದೆ.

ಊರು ಮುಟ್ಟುವುದರೊಳಗೆ ಅವಳಿಗೆ ಎಲ್ಲ ಹೇಳಿದೆ. ಬರೆಯುವುದು ಬೇಡ ಎಂದವಳು ನಾನೇ ಎಂಬುದನ್ನೂ.