ಅರಮನೆಯ ಮೂರನೆಯ ಅಂತಸ್ತು

ಕಸ್ತೂರೆವ್ವ ಹಲಸಂಗಿಯ ಮಗಳು, ಸಾಲೋಟಗಿಯ ಸೊಸೆ. ನಲವತ್ತಾರು ವರ್ಷಗಳಲ್ಲಿ ಸೊಲ್ಲಾಪುರದಾಚೆಗೆ ಕಾಲಿಟ್ಟವಳಲ್ಲ. ಅಂಥವಳನ್ನು ೧೯೭೪ರ ದೀಪಾವಳಿಯ ಬಳಿಕ ಗಂಡ ಗುರಲಿಂಗಪ್ಪ ಮಾಸ್ತರರು ಕಾಶಿಗೂ ಅಲ್ಲಿಂದ ನೇಪಾಳಕ್ಕೂ ಹೊರಡಿಸಿದರು. ಯಾತ್ರೆಯ ಗುಂಪು ಕಟ್ಟಿದವನು ಇಂಡಿಯ ಬಾಬುಲಾಲ. ಎಲ್ಲರೂ ಪಶುಪತಿನಾಥನಿಗಾಗಿ ಹೊರಟರೆ ಮಾಸ್ತರರು ಅರಮನೆಗಳಿಗಾಗಿ ಹೊರಟಿದ್ದರು. ಜೀವನವಿಡೀ ಸಾಲಿಯ ಮಕ್ಕಳಿಗೆ ಅರಸರ ಕಥೆ ಹೇಳಿದವರು, ವಿಜಾಪುರದ ಬಿದ್ದ ಗೋಡೆಗಳನ್ನು ಬಿಟ್ಟರೆ ಚಾವಣಿಯಿರುವ ಅರಮನೆಯನ್ನೇ ಕಂಡಿರಲಿಲ್ಲ.

ಕಠ್ಮಂಡುವಿನ ಹತ್ತಿರದ ಹಳೆಯ ಊರೊಂದರಲ್ಲಿ ಅಂಥ ಅರಮನೆ ಸಿಕ್ಕಿತು: ಕೆಂಪು ಇಟ್ಟಿಗೆಯ ಗೋಡೆ, ಕೆತ್ತನೆಯ ಕಪ್ಪು ಕಿಟಕಿಗಳು, ನಡುವೆ ಅಂಗಳ. ಒಳಗಿನ ಮೆಟ್ಟಿಲು ಏಣಿಯಷ್ಟು ಕಡಿದಾಗಿತ್ತು. ಅದನ್ನು ನೋಡಿಯೇ ಕಸ್ತೂರೆವ್ವ ಹಿಂದೆ ಸರಿದಳು. ಆಕೆ ಅಂಗಳದಲ್ಲೇ ಕುಳಿತಳು. ಮಾಸ್ತರರು ಧೋತರದ ಚುಂಗು ಎತ್ತಿಕಟ್ಟಿ ಹತ್ತಿಹೋದರು.

ಗುಂಪಿನವರು ಒಬ್ಬೊಬ್ಬರಾಗಿ ಇಳಿದು, ಬಾಬುಲಾಲನ ಹಿಂದೆ ದೂರದ ಬಸ್ಸಿನತ್ತ ನಡೆದರು. ಮಾಸ್ತರರು ಮಾತ್ರ ಇಳಿಯಲಿಲ್ಲ. ಕಾವಲುಗಾರ ಬಾಗಿಲುಗಳನ್ನು ಮುಚ್ಚತೊಡಗಿದ. ಕಸ್ತೂರೆವ್ವ ಎದ್ದು ನಿಂತಳು. ಎಲ್ಲಿಯಾದರೂ ಬಿದ್ದರೇ? ಜೀವಕ್ಕೇ ಏನಾದರೂ ಆಯಿತೇ? ಈ ನಾಡಿನಲ್ಲಿ ಯಾರಿಗೆ ಹೇಳುವುದು, ಯಾವ ಮಾತಿನಲ್ಲಿ ಹೇಳುವುದು? ಕಾವಲುಗಾರನ ಬಳಿ ಓಡಿದಳು. ಅವನಿಗೆ ಕನ್ನಡ ತಿಳಿಯಲಿಲ್ಲ, ಆಕೆಯ ಮುರುಕು ಮರಾಠಿಯೂ ತಿಳಿಯಲಿಲ್ಲ. ಕೊನೆಗೆ ಸೆರಗನ್ನು ತಲೆಗೆ ಗಂಡನ ಪಟಗದಂತೆ ಸುತ್ತಿಕೊಂಡು, ಇಲ್ಲದ ಮೀಸೆ ತಿರುವಿ, ಮೇಲಕ್ಕೆ ಬೆರಳು ತೋರಿಸಿದಳು. ಅವನು ನಕ್ಕು, ಹೋಗಿ ನೋಡು ಎಂದು ಕೈ ಮಾಡಿದ.

ಎರಡೂ ಕೈಯಿಂದ ಮೆಟ್ಟಿಲು ತಬ್ಬಿ ಆಕೆ ಹತ್ತಿದಳು. ಹಲಗೆ ಕಿರುಗುಟ್ಟಿದಾಗಲೆಲ್ಲ ನಿಂತು, ಮತ್ತೆ ಮೇಲಿನ ಹಲಗೆ ಹಿಡಿಯುತ್ತಿದ್ದಳು. ಮೊದಲ ಅಂತಸ್ತು ಖಾಲಿ, ಎರಡನೆಯದೂ ಖಾಲಿ. ಕರೆಯಲು ಗಂಡನ ಹೆಸರು ಬಾಯಿಗೆ ಬಾರದು, "ಎಲ್ಲಿ ಅದೀರಿ?" ಎಂದು ಕೂಗಿದರೆ ಕತ್ತಲ ಪಡಸಾಲೆಯಿಂದ ತನ್ನದೇ ದನಿ ಮರಳಿ ಬಂತು.

ಮೂರನೆಯ ಅಂತಸ್ತಿನಲ್ಲಿ ಮಾಸ್ತರರು ನೆಲಕ್ಕೆ ಕುಳಿತು ಕಂಬ ತಬ್ಬಿಕೊಂಡಿದ್ದರು. ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದ್ದೇ ತಲೆ ತಿರುಗಿತ್ತಂತೆ. ಇಳಿಯಲು ಅಂಜಿಕೆ, ಜೊತೆಯವರಿಗೆ ಹೇಳಲು ನಾಚಿಕೆ.

"ಕಸ್ತೂರಿ, ನನ್ನ ಕೈಲೆ ಇಳ್ಯಾಕ ಆಗವಲ್ದು," ಎಂದರು.

"ಕಣ್ಣ ಮುಚ್ಚರಿ. ನಾ ಮುಂದ ಇಳೀತೇನಿ, ನಿಮ್ಮ ಪಾದ ಹಿಡದು ಒಂದೊಂದ ಮೆಟ್ಟಲಮ್ಯಾಲ ಇಡ್ತೇನಿ."

"ನೀನೂ ನಡಗಾಕತ್ತಿಯಲ್ಲ."

"ಹೌದ್ರಿ, ಅಂಜಿಕಿ ಐತಿ. ಅಂಜಕೋತನ ಇಳಿಯೂಣು."

ಹಾಗೆಯೇ ಇಳಿದರು. ಆಕೆ ಹಿಮ್ಮುಖವಾಗಿ ಒಂದು ಮೆಟ್ಟಿಲು ಇಳಿದು, ಗಂಡನ ಹಿಮ್ಮಡಿ ಹಿಡಿದು ಕೆಳಗಿನ ಹಲಗೆಗೆ ತಂದಿಡುವಳು, ಆಮೇಲೆ ಮತ್ತೊಂದು. ಎರಡು ಸಲ ಆಕೆಯ ಕಾಲೇ ಜಾರಿತು. ಬಾಯಿ ಬಿಡಲಿಲ್ಲ, ಬಿಟ್ಟರೆ ಅವರು ಅಲ್ಲೇ ನಿಂತುಬಿಡುತ್ತಿದ್ದರು. ಅಂಗಳ ಮುಟ್ಟಿದ ಮೇಲೆ ಇಬ್ಬರೂ ಕಲ್ಲಿನ ಮೇಲೆ ಕುಸಿದರು. ಕಾವಲುಗಾರ ನೀರು ತಂದುಕೊಟ್ಟ.

ಬಸ್ಸಿನಲ್ಲಿ ಬಾಬುಲಾಲ ತಡವಾದದ್ದಕ್ಕೆ ಗೊಣಗಿದ. ಮಾಸ್ತರರು ಏನನ್ನೂ ಮುಚ್ಚಿಡದೆ, ತಮ್ಮನ್ನು ಇಳಿಸಿ ತಂದವಳು ಹೆಂಡತಿಯೇ ಎಂದು ಎಲ್ಲರ ಮುಂದೆ ಹೇಳಿದರು.

ಮರುದಿನ ಇನ್ನೊಂದು ಅರಮನೆ. ಮಾಸ್ತರರು ಹೊಸ್ತಿಲ ಹೊರಗೆ ಕುಳಿತು, ನೀನೇ ನೋಡಿ ಬಂದು ಹೇಳು ಎಂದರು. ಕಸ್ತೂರೆವ್ವ ಸೆರಗು ಬಿಗಿದು, ಅಂಜಿಕೊಳ್ಳುತ್ತಲೇ ಒಳಗೆ ಹೋದಳು.